ಒಂದರ ಮೇಲೊಂದು ಮೂರು ಈಕ್ವಲೈಜರ್: ವಾಪಸ್ ಹೋಗಬೇಕಿದ್ದ ಒಂದು ಹೆಡ್‌ಫೋನಿನ ಪ್ರಕರಣ

ಗೆಳೆಯ ಹೊಸ ಹೆಡ್‌ಫೋನನ್ನು ವಾಪಸ್ ಕೊಡಲು ಹೊರಟಿದ್ದ. ಡಬ್ಬದೊಳಗೆ ಮಡಚಿಟ್ಟಾಗಿತ್ತು, ಟೇಪ್ ಅಂಟಿಸುವುದೊಂದೇ ಬಾಕಿ. "ಹಾಡೋರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತೆ ಕಣೋ" ಅಂದ. ಅದೇ ಮಾದರಿಯನ್ನು ನಾನು ಬೇರೆ ಕಡೆ ಕೇಳಿದ್ದೆ. ಅಲ್ಲಿ ಕಂಬಳಿ ಇರಲಿಲ್ಲ. ಒಂದು ವಾರ ತಡಿ ಅಂದೆ. ಆ ಒಂದು ವಾರ ಮೂರು ವಾರ ಆಯಿತು. ಆ ಮೂರು ವಾರದಲ್ಲಿ ನಾವು ಏನೇನು ಮಾಡಿದೆವು, ಎಲ್ಲೆಲ್ಲಿ ಎಡವಿದೆವು ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಅವನ ದೂರು ಮೂರು. ಒಂದು, ಡ್ರಮ್ ಹೊಡೆದಾಗಲೆಲ್ಲ ದನಿ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ಎರಡು, 'ಸ', 'ಶ' ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಮೂರು, ಒಂದು ಹಾಡು ಕಿರುಚಿದರೆ ಮುಂದಿನದು ಪಿಸುಗುಟ್ಟುತ್ತದೆ. ಇಡೀ ದಿನ ವಾಲ್ಯೂಮ್ ಗುಂಡಿ ಹಿಡಿದುಕೊಂಡೇ ಕೂತಿರಬೇಕು.

ವ್ಯವಸ್ಥೆ ತೀರಾ ಸಾಮಾನ್ಯದ್ದು. ವಿಂಡೋಸ್ ಲ್ಯಾಪ್‌ಟಾಪ್, ವೈರ್ ಇರುವ ಕ್ಲೋಸ್ಡ್ ಹೆಡ್‌ಫೋನ್, 32 ಓಮ್. ಪ್ಲೇಯರ್ ಫೂಬಾರ್2000. ಹಾಡುಗಳು ಹೆಚ್ಚಿನವು ಫ್ಲ್ಯಾಕ್ (ಮೂಲದ ಏನನ್ನೂ ಕಳೆಯದ ಫೈಲ್), ಉಳಿದವು 320 ಕೆಬಿಪಿಎಸ್‌ನ ಎಂಪಿ3. ಆಂಪ್, ಅಂದರೆ ಶಬ್ದಕ್ಕೆ ಶಕ್ತಿ ತುಂಬುವ ಪೆಟ್ಟಿಗೆ, ಬೇಕೇನೋ ಅಂತ ಅವನಿಗೆ ಯಾರೋ ಹೇಳಿದ್ದರು. ವಾಲ್ಯೂಮ್ ಎಷ್ಟರಲ್ಲಿ ಇಡ್ತೀಯ ಅಂತ ಕೇಳಿದೆ. 35 ಅಂದ. ನೂರಕ್ಕೆ 35ರಲ್ಲೇ ಕಿವಿ ತುಂಬುತ್ತಿದೆ ಅಂದರೆ ಶಕ್ತಿ ಸಾಲದು ಅನ್ನೋ ಮಾತೇ ಇಲ್ಲ. ಆಂಪ್ ವಿಷಯ ಅಲ್ಲಿಗೇ ಬಿಟ್ಟೆವು.

ಮೊದಲ ಪರೀಕ್ಷೆಗೆ ಎರಡೇ ನಿಮಿಷ ಸಾಕಾಯಿತು. ಅದೇ ಹೆಡ್‌ಫೋನನ್ನು ನನ್ನ ಫೋನಿಗೆ ಸಿಕ್ಕಿಸಿ, ಅದೇ ಫೈಲ್ ಹಾಕಿ ಕೊಟ್ಟೆ. ದನಿ ಒಳಗೆ ಹೋಗುವುದು ನಿಂತಿತು. ಆದರೆ 'ಸ' ಚುಚ್ಚುವುದು ಹಾಗೇ ಇತ್ತು. ಹಾಗಾದರೆ ರೋಗ ಎರಡು: ಒಂದು ಲ್ಯಾಪ್‌ಟಾಪಿನದು, ಇನ್ನೊಂದು ಹೆಡ್‌ಫೋನಿನದು. ಎರಡನ್ನೂ ಒಂದೇ ಅಂದುಕೊಂಡು ಮದ್ದು ಹುಡುಕಿದ್ದರೆ ಇವತ್ತಿಗೂ ಸ್ಲೈಡರ್ ಎಳೆಯುತ್ತಲೇ ಇರುತ್ತಿದ್ದೆವು.

ಪದರ ಬಿಚ್ಚಿದ್ದು

ಪ್ಲೇಯರಿನ ಡಿಎಸ್‌ಪಿ ಪಟ್ಟಿ ತೆರೆದೆ, ಶಬ್ದವನ್ನು ಬದಲಿಸುವ ಸಾಧನಗಳೆಲ್ಲ ಇರುವುದು ಅಲ್ಲೇ. ಮೊದಲು ಈಕ್ವಲೈಜರ್, ಅಂದರೆ ಆಳದ, ನಡುವಿನ, ಎತ್ತರದ ಶಬ್ದಗಳನ್ನು ಬೇರೆ ಬೇರೆಯಾಗಿ ಏರಿಸುವ, ಇಳಿಸುವ ಸಾಧನ. ಫೂಬಾರ್‌ನ ಈ ಈಕ್ವಲೈಜರ್‌ನಲ್ಲಿ 55 ಹರ್ಟ್ಸ್‌ನಿಂದ (ಆಳದ ಬಾಸ್) 20 ಕಿಲೋಹರ್ಟ್ಸ್‌ವರೆಗೆ (ತೀರಾ ಎತ್ತರದ ಶಬ್ದ) 18 ಸ್ಲೈಡರ್ ಇರುತ್ತವೆ. ಅವನ ಸ್ಲೈಡರ್‌ಗಳು ನಗುವ ಬಾಯಿಯ ಆಕಾರದಲ್ಲಿದ್ದವು: ಎಡತುದಿ ಮೇಲೆ, ನಡುವೆ ಕೆಳಗೆ, ಬಲತುದಿ ಮತ್ತೆ ಮೇಲೆ. 55 ಹರ್ಟ್ಸ್‌ನಲ್ಲಿ ಪ್ಲಸ್ 8 ಡೆಸಿಬೆಲ್. ಅದರ ಕೆಳಗೇ ಅಡ್ವಾನ್ಸ್ಡ್ ಲಿಮಿಟರ್, ಶಬ್ದ ಮಿತಿ ಮೀರದ ಹಾಗೆ ಒತ್ತಿಹಿಡಿಯುವ ಸಾಧನ. ಇದು ಯಾಕೆ ಅಂದೆ. "ಶಬ್ದ ಹರೀತಿತ್ತು, ಇದು ಹಾಕಿದರೆ ಹರಿಯಲ್ಲ ಅಂತ ಎಲ್ಲೋ ಓದಿದೆ" ಅಂದ.

ಆಮೇಲೆ ವಿಂಡೋಸ್‌ನ ಸೌಂಡ್ ಸೆಟ್ಟಿಂಗ್. ಎನ್‌ಹಾನ್ಸ್‌ಮೆಂಟ್ಸ್ ಪುಟದಲ್ಲಿ ಬಾಸ್ ಬೂಸ್ಟ್‌ಗೆ ಟಿಕ್ ಬಿದ್ದಿತ್ತು, 80 ಹರ್ಟ್ಸ್‌ಗೆ 6 ಡೆಸಿಬೆಲ್. ಅಲ್ಲಿಗೂ ಮುಗಿಯಲಿಲ್ಲ. ಪರದೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಜೊತೆ ಬಂದ ಇನ್ನೊಂದು ಆಡಿಯೊ ಆಪ್ ಸದ್ದಿಲ್ಲದೆ ಓಡುತ್ತಿತ್ತು. ಅದು 'ಮ್ಯೂಸಿಕ್' ಮೋಡ್‌ನಲ್ಲಿತ್ತು. ಒಳಗೆ ಏನು ಮಾಡುತ್ತದೆ ಅಂತ ಎಲ್ಲೂ ಸಂಖ್ಯೆ ಇಲ್ಲ, ಬರೀ ಹೊಳೆಯುವ ಗುಂಡಿಗಳು. ಅಂಥ ಆಪ್‌ಗಳನ್ನು ನಾನು ನಂಬುವುದಿಲ್ಲ. ಎಷ್ಟು ಡೆಸಿಬೆಲ್ ಅಂತ ಹೇಳದ ಗುಂಡಿಯನ್ನು ಒತ್ತಿ ಏನು ಮಾಡೋದು?

ಅಂದರೆ ಒಂದೇ ಗೋಡೆಗೆ ಮೂವರು ಬಣ್ಣ ಬಳಿಯುತ್ತಿದ್ದರು. ಒಬ್ಬನಿಗೆ ಇನ್ನೊಬ್ಬ ಬಳಿದದ್ದು ಗೊತ್ತಿಲ್ಲ.

ಲೆಕ್ಕ ನೋಡಿ. ಪ್ಲೇಯರ್‌ನಲ್ಲಿ 8, ವಿಂಡೋಸ್‌ನಲ್ಲಿ 6, ಒಟ್ಟು 14 ಡೆಸಿಬೆಲ್. ಅಂದರೆ ಡ್ರಮ್ಮಿನ ಆ ಆಳದ ಅಲೆ ಮೂಲಕ್ಕಿಂತ ಐದು ಪಟ್ಟು ಎತ್ತರ. ಇತ್ತೀಚಿನ ಹೆಚ್ಚಿನ ರೆಕಾರ್ಡಿಂಗ್‌ಗಳು ಮೊದಲೇ ಛಾವಣಿಗೆ ತಲೆ ತಾಗಿಸಿಕೊಂಡಿರುತ್ತವೆ. ಸಿಡಿಯ 16 ಬಿಟ್‌ನಲ್ಲಿ ಒಂದು ಸ್ಯಾಂಪಲ್ಲಿನ, ಅಂದರೆ ಅಲೆಯ ಒಂದು ಕ್ಷಣದ ಅಳತೆಯ, ಬೆಲೆ 32,767ಕ್ಕಿಂತ ಮೇಲೆ ಹೋಗುವಂತಿಲ್ಲ. ಪ್ಲೇಯರಿನ ಒಳಗೆ ಲೆಕ್ಕ ದಶಮಾಂಶದಲ್ಲಿ ನಡೆಯುವುದರಿಂದ ಅಲ್ಲಿ ಎಷ್ಟು ಏರಿದರೂ ತೊಂದರೆ ಇಲ್ಲ. ಆದರೆ ಕೊನೆಗೆ ಡ್ಯಾಕ್‌ಗೆ, ಅಂದರೆ ಸಂಖ್ಯೆಯನ್ನು ವಿದ್ಯುತ್ ಅಲೆಯಾಗಿ ಮಾಡುವ ಚಿಪ್‌ಗೆ, ಕೊಡುವಾಗ ಅದು ಪೂರ್ಣಾಂಕವಾಗಲೇಬೇಕು. ಛಾವಣಿ ಮೀರಿದ್ದು ಅಲ್ಲಿ ಕತ್ತರಿಸಿಹೋಗುತ್ತದೆ. ಕಿವಿಗೆ ಅದು ಹರಿದ ಬಟ್ಟೆಯ ಶಬ್ದ.

ಅವನು ಹಾಕಿದ ಲಿಮಿಟರ್ ಈ ಹರಿದ ಶಬ್ದವನ್ನು ಮುಚ್ಚಿತ್ತು, ನಿಜ. ಆದರೆ ಲಿಮಿಟರ್ ಡ್ರಮ್ ಒಂದನ್ನೇ ಹಿಡಿದು ಒತ್ತುವುದಿಲ್ಲ. ಡ್ರಮ್ ಛಾವಣಿ ಮುಟ್ಟಿದ ಕ್ಷಣದಲ್ಲಿ ಇಡೀ ಸಂಗೀತವನ್ನೇ ಕೆಳಗೆ ತಳ್ಳುತ್ತದೆ, ದನಿಯನ್ನೂ ಸೇರಿಸಿ. ಡ್ರಮ್ ಮುಗಿದ ಮೇಲೆ ಕೈ ಬಿಡುತ್ತದೆ, ದನಿ ಮೇಲೆ ಬರುತ್ತದೆ. "ಒಳಗೆ ಹೋಗಿ ಹೊರಗೆ ಬರುತ್ತೆ" ಅಂತ ಅವನು ಮೊದಲ ದಿನವೇ ಹೇಳಿದ್ದು ಇದನ್ನೇ. ರೋಗಿ ಲಕ್ಷಣವನ್ನು ಪಕ್ಕಾ ಹೇಳಿದ್ದ. ವೈದ್ಯನಾದ ನಾನು ಕೇಬಲ್ ಅಲ್ಲಾಡಿಸುತ್ತಾ ಕೂತಿದ್ದೆ.

ಜೋರಾದದ್ದೆಲ್ಲ ಚೆನ್ನಾಗಿ ಕೇಳುವ ಕಾಯಿಲೆ

ಒಂದು ಪ್ರಶ್ನೆ ಉಳಿಯಿತು. ಅವನು ದಡ್ಡನಲ್ಲ. ಒಂದೊಂದು ಸೆಟ್ಟಿಂಗ್ ಹಾಕಿದಾಗಲೂ ಮೊದಲಿಗಿಂತ ಚೆನ್ನಾಗಿದೆ ಅಂತ ಅನ್ನಿಸಿದ್ದಕ್ಕೇ ಇಟ್ಟುಕೊಂಡಿದ್ದ. ಹಾಗಾದರೆ ಚೆನ್ನಾಗಿರುವ ಮೂರು ಸೇರಿ ಕೆಟ್ಟದ್ದು ಹೇಗಾಯಿತು?

ಉತ್ತರ ಹಳೆಯದು. 1933ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಕಿವಿಯ ಸಂವೇದನೆಯನ್ನು ಅಳೆದು ಗೆರೆ ಎಳೆದರು. ಶಬ್ದ ಸಣ್ಣದಿದ್ದಾಗ ಕಿವಿಗೆ ಆಳದ ಶಬ್ದ ಸರಿಯಾಗಿ ಕೇಳುವುದಿಲ್ಲ. ಜೋರು ಮಾಡಿದಷ್ಟೂ ಬಾಸ್ ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ಅದಕ್ಕೇ ಒಂದೇ ಹಾಡನ್ನು ಸ್ವಲ್ಪ ಜೋರಾಗಿ ಹಾಕಿದರೆ ಯಾರೂ 'ಜೋರಾಯಿತು' ಅನ್ನುವುದಿಲ್ಲ, 'ಬಿಚ್ಚಿಕೊಂಡಿತು', 'ಜೀವ ಬಂತು' ಅನ್ನುತ್ತಾರೆ. ಒಂದು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ ಇದ್ದರೂ ಈ ಮೋಸ ನಡೆಯುತ್ತದೆ.

ಇದನ್ನು ಅವನ ಹಾಡಿನ ಮೇಲೆಯೇ ತೋರಿಸಿದೆ. ಫೂಬಾರ್‌ನ ಕನ್ವರ್ಟರ್‌ನಲ್ಲಿ ಒಂದು ಹಾಡನ್ನು ಎರಡು ಸಲ ವೇವ್ ಫೈಲ್ ಮಾಡಿದೆ. ಒಂದು ಹಾಗೇ, ಇನ್ನೊಂದು ಅವನ ಈಕ್ವಲೈಜರ್ ಹಾಕಿ, ಕತ್ತರಿ ಬೀಳದ ಹಾಗೆ 32 ಬಿಟ್ ಫ್ಲೋಟ್‌ನಲ್ಲಿ (ಆಗ ಹೇಳಿದ ದಶಮಾಂಶದ ಲೆಕ್ಕ). ಒಂದು ಗೊತ್ತಾದ ಮಟ್ಟಕ್ಕೆ ತರಲು ಹಾಡನ್ನು ಎಷ್ಟು ಇಳಿಸಬೇಕು ಅಂತ ಅಳೆಯುವ ರೀಪ್ಲೇಗೇನ್ ಸ್ಕ್ಯಾನನ್ನು ಎರಡಕ್ಕೂ ಮಾಡಿದೆ. ಮೂಲ ಫೈಲಿಗೆ ಮೈನಸ್ 8.4 ಡೆಸಿಬೆಲ್ ಬಂತು, ಈಕ್ವಲೈಜರ್ ಹಾಕಿದ್ದಕ್ಕೆ ಮೈನಸ್ 11.6. ಅಂದರೆ ಎರಡನೆಯದು 3.2 ಡೆಸಿಬೆಲ್ ಜಾಸ್ತಿ ಜೋರು. ಪೀಕ್ ಕಾಲಂನಲ್ಲಿ, ಅಂದರೆ ಅಲೆ ಮುಟ್ಟಿದ ಅತಿ ಎತ್ತರದಲ್ಲಿ, ಮೊದಲನೆಯದು 0.988. ಎರಡನೆಯದು 1.87. ಅಲ್ಲಿ 1 ಅಂದರೆ ಛಾವಣಿ. ಗೆಳೆಯ ಸ್ವಲ್ಪ ಹೊತ್ತು ಆ 1.87ನ್ನೇ ನೋಡಿದ. "ಅಂದ್ರೆ ಹೆಚ್ಚುಕಮ್ಮಿ ಇನ್ನೊಂದು ಮಹಡಿ ಕಟ್ಟಿದೀನಿ" ಅಂದ.

ಎಲ್ಲ ತೆಗೆದುಹಾಕಿದೆವು. ಈಕ್ವಲೈಜರ್, ಲಿಮಿಟರ್, ಬಾಸ್ ಬೂಸ್ಟ್ ಮೂರೂ ಹೋದವು. ಮೂಲೆಯ ಆಪ್ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ತಾನೇ ಏಳದ ಹಾಗೆ ಮಾಡಿದೆ. ಮಧ್ಯೆ ಇನ್ಯಾರೂ ಕೈ ಹಾಕಬಾರದು ಅಂತ ಔಟ್‌ಪುಟ್ ಪಟ್ಟಿಯಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಆರಿಸಿದೆ. ಈ ಮೋಡ್‌ನಲ್ಲಿ ಪ್ಲೇಯರ್ ವಿಂಡೋಸ್‌ನ ಮಿಕ್ಸರನ್ನು ದಾಟಿ ನೇರವಾಗಿ ಸೌಂಡ್ ಸಾಧನಕ್ಕೆ ಡೇಟಾ ಕೊಡುತ್ತದೆ. ಈ ಎಕ್ಸ್‌ಕ್ಲೂಸಿವ್ ಮೋಡ್ ನೆನಪಿರಲಿ, ಮುಂದೆ ನಮ್ಮ ಮಾನ ಕಳೆದದ್ದು ಇದೇ.

ಕೇಳಿದ ಕೂಡಲೇ ಅವನ ಮುಖ ಸಪ್ಪಗಾಯಿತು. "ಸತ್ತ ಹಾಗಿದೆ." ಸಹಜ, ಮೂರು ಡೆಸಿಬೆಲ್‌ಗಿಂತ ಜಾಸ್ತಿ ಇಳಿದಿತ್ತು. ವಾಲ್ಯೂಮ್ ಏರಿಸಿ ಹಳೆಯ ಮಟ್ಟಕ್ಕೆ ತಂದೆ. ಆಗಲೂ ಬಾಸ್ ಸಾಲದು ಅಂದ. ಎರಡು ದಿನ ಹೀಗೇ ಕೇಳು, ಏನೂ ಮುಟ್ಟಬೇಡ ಅಂದು ಬಂದೆ. ಕಿವಿ ಒಂದು ಬಣ್ಣಕ್ಕೆ ಒಗ್ಗಿಹೋದ ಮೇಲೆ ಆ ಬಣ್ಣವೇ ಬಿಳಿ ಅನ್ನಿಸುತ್ತಿರುತ್ತದೆ. ಅದು ಬಿಡಲು ಸಮಯ ಬೇಕು. ಮೂರನೇ ದಿನ ಫೋನ್ ಮಾಡಿ, ದನಿ ಮುಂದೆ ಬಂದಿದೆ, ಹಿಂದೆ ಪಿಟೀಲು ಇರುವುದು ಈಗ ಗೊತ್ತಾಗ್ತಿದೆ ಅಂದ. ಬಾಸ್ ಮಾತ್ರ ಇನ್ನೂ ಸಾಲದು ಅಂತಲೇ ಇದ್ದ. ನಾನು ಅದನ್ನು ಹಳೇ ಚಟ ಅಂತ ತಳ್ಳಿಹಾಕಿದೆ. ತಪ್ಪು ಮಾಡಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ರೀಪ್ಲೇಗೇನ್: ಯಾರೂ ಮುಟ್ಟದ ಮೆನು

ಮೂರನೇ ದೂರಿಗೆ, ಅಂದರೆ ಕಿರುಚುವ ಮತ್ತು ಪಿಸುಗುಟ್ಟುವ ಹಾಡುಗಳಿಗೆ, ಹೊಸದೇನೂ ಬೇಕಿರಲಿಲ್ಲ. ಆಗಷ್ಟೇ ಅಳತೆಗೆ ಬಳಸಿದ ರೀಪ್ಲೇಗೇನ್ ಇರುವುದೇ ಇದಕ್ಕೆ. 2001ರಲ್ಲಿ ಡೇವಿಡ್ ರಾಬಿನ್ಸನ್ ಮುಂದಿಟ್ಟ ಯೋಚನೆ ಇದು. ಹಾಡು ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅಂತ ಅಳೆದು, 89 ಡೆಸಿಬೆಲ್‌ನ ಒಂದು ಗುರುತಿಗೆ ತರಲು ಎಷ್ಟು ಇಳಿಸಬೇಕು ಅಥವಾ ಏರಿಸಬೇಕು ಅನ್ನೋದನ್ನು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಆಡಿಯೊವನ್ನು ಮುಟ್ಟುವುದಿಲ್ಲ. ಟ್ಯಾಗ್ ಅಳಿಸಿದರೆ ಫೈಲ್ ಮೊದಲಿನಂತೆಯೇ. ಈಗಿನ ಫೂಬಾರ್ ಅಳೆಯುವುದು ಆರ್128 ವಿಧಾನದಲ್ಲಿ. ಅದು ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ತಂದದ್ದು.

ಎಲ್ಲ ಹಾಡು ಆರಿಸಿ, ಆಲ್ಬಮ್ ಆಗಿ ಸ್ಕ್ಯಾನ್ ಮಾಡು ಅಂತ ಕೊಟ್ಟೆವು. ಮುಗಿದ ಮೇಲೆ ಆ ಪಟ್ಟಿ ನೋಡುವುದೇ ಒಂದು ಮಜಾ. ಹೊಸ ಸಿನಿಮಾ ಹಾಡುಗಳಿಗೆ ಮೈನಸ್ 9, ಮೈನಸ್ 10. ಹಳೆಯ ಪಿಯಾನೊ ರೆಕಾರ್ಡಿಂಗ್ ಒಂದಕ್ಕೆ ಪ್ಲಸ್ 2. ಇವೆರಡರ ನಡುವೆ 12 ಡೆಸಿಬೆಲ್. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಗುಂಡಿ ಹಿಡಿದುಕೊಂಡು ಕೂರದೆ ಇನ್ನೇನು ಮಾಡುತ್ತಾನೆ ಪಾಪ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ಟ್ರ್ಯಾಕ್ ಮೋಡೋ ಆಲ್ಬಮ್ ಮೋಡೋ ಅನ್ನೋದು. ಟ್ರ್ಯಾಕ್ ಮೋಡ್ ಪ್ರತಿ ಹಾಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುವವರಿಗೆ ಇದು ಅನ್ಯಾಯ, ಯಾಕಂದ್ರೆ ಬೇಕೆಂದೇ ಮೆಲ್ಲಗೆ ಇಟ್ಟ ತುಣುಕೂ ಜೋರಾಗುತ್ತದೆ. ಷಫಲ್ ಹಾಕುವವರಿಗೆ ಟ್ರ್ಯಾಕ್ ಮೋಡೇ ಸರಿ. ಫೂಬಾರ್‌ನಲ್ಲಿ ಪ್ಲೇಬ್ಯಾಕ್ ಕ್ರಮ ನೋಡಿ ತಾನೇ ಬದಲಿಸಿಕೊಳ್ಳುವ ಆಯ್ಕೆ ಇದೆ. ಅದನ್ನೇ ಇಟ್ಟೆವು. ಎರಡನೆಯದು, ಸ್ಕ್ಯಾನ್ ಆಗದ ಹಾಡು. ನಾಳೆ ಹೊಸ ಫೈಲ್ ಹಾಕಿ ಸ್ಕ್ಯಾನ್ ಮಾಡಲು ಮರೆತರೆ ಅದೊಂದೇ 9 ಡೆಸಿಬೆಲ್ ಜೋರಾಗಿ ಕಿವಿಗೆ ಬಡಿಯುತ್ತದೆ. ಅದಕ್ಕೆ ಅಲ್ಲೇ ಕೆಳಗೆ ಇನ್ನೊಂದು ಸ್ಲೈಡರ್ ಇದೆ, ರೀಪ್ಲೇಗೇನ್ ಮಾಹಿತಿ ಇಲ್ಲದ ಫೈಲುಗಳಿಗೆ ಮಾತ್ರ. ಅದನ್ನು ಮೈನಸ್ 8ಕ್ಕೆ ಇಳಿಸಿದೆವು. ಪೀಕ್ ನೋಡಿಕೊಂಡು ಕ್ಲಿಪ್ ಆಗದಂತೆ, ಅಂದರೆ ಛಾವಣಿಯಲ್ಲಿ ಕತ್ತರಿಸಿಹೋಗದಂತೆ, ತಡೆಯುವ ಆಯ್ಕೆಯನ್ನೂ ಆನ್ ಮಾಡಿದೆವು.

ಇಷ್ಟಕ್ಕೆ ಮೂರನೇ ದೂರು ಮುಗಿಯಿತು. ಜೊತೆಗೆ ಒಂದು ಲಾಭ: ಜೋರು ಹಾಡುಗಳೆಲ್ಲ ಎಂಟೊಂಬತ್ತು ಡೆಸಿಬೆಲ್ ಕೆಳಗೆ ಇಳಿದದ್ದರಿಂದ ಛಾವಣಿಯ ಕೆಳಗೆ ಜಾಗ ಸಿಕ್ಕಿತು. ಮುಂದೆ ಇಕ್ಯೂ (ಈಕ್ವಲೈಜರ್) ಹಾಕಲು ಆ ಜಾಗವೇ ಬೇಕಿತ್ತು.

ಚುಚ್ಚುವ 'ಸ', ಮತ್ತು ನಮ್ಮ ಮಾನ ಹೋದ ಸಂಜೆ

ಉಳಿದದ್ದು ಹೆಡ್‌ಫೋನಿನದೇ ರೋಗ. ಇದಕ್ಕೆ 18 ಸ್ಲೈಡರಿನ ಗ್ರಾಫಿಕ್ ಈಕ್ವಲೈಜರ್ ಒಳ್ಳೆಯ ಸಾಧನ ಅಲ್ಲ. ಅದರ ಆವರ್ತನಗಳು ಮೊದಲೇ ನಿಗದಿಯಾಗಿರುತ್ತವೆ: 7 ಕಿಲೋಹರ್ಟ್ಸ್, ಅದು ಬಿಟ್ಟರೆ 10. ತೊಂದರೆ 8ರಲ್ಲಿದ್ದರೆ ಎರಡನ್ನೂ ಇಳಿಸಬೇಕು, ಆಗ ಅಕ್ಕಪಕ್ಕದ್ದೂ ಹೋಗುತ್ತದೆ. ಪ್ಯಾರಾಮೆಟ್ರಿಕ್ ಇಕ್ಯೂನಲ್ಲಿ ಎಲ್ಲಿ, ಎಷ್ಟು, ಎಷ್ಟು ಅಗಲ ಅಂತ ಮೂರನ್ನೂ ನಾವೇ ಹೇಳಬಹುದು. ಅಗಲಕ್ಕೆ ಕ್ಯೂ ಅನ್ನುತ್ತಾರೆ. ಕ್ಯೂ ಜಾಸ್ತಿ ಆದಷ್ಟೂ ಕತ್ತಿ ಸಣ್ಣದು.

ಈಕ್ವಲೈಜರ್ ಎಪಿಒ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದೆವು. ಇದು ವಿಂಡೋಸ್‌ನ ಆಡಿಯೊ ದಾರಿಯಲ್ಲೇ ಕೂರುತ್ತದೆ. ಹಾಗಾಗಿ ಪ್ಲೇಯರ್ ಮಾತ್ರ ಅಲ್ಲ, ವಿಡಿಯೊಗಳಿಗೂ ಅದೇ ತಿದ್ದುಪಡಿ ಸಿಗುತ್ತದೆ. ಹೆಡ್‌ಫೋನ್ ಮಾದರಿ ಹೇಳಿದರೆ ಫಿಲ್ಟರ್ ಪಟ್ಟಿ (ಇಂಥ ಒಂದೊಂದು ತಿದ್ದುಪಡಿಗೂ ಫಿಲ್ಟರ್ ಅನ್ನುತ್ತಾರೆ) ಕೊಡುವ ಆಟೋಇಕ್ಯೂ ಎಂಬ ಯೋಜನೆ ಇದೆ. ಅದರಿಂದ ಇವನ ಹೆಡ್‌ಫೋನಿನದೂ ಸಿಕ್ಕಿತು, ಹತ್ತು ಫಿಲ್ಟರ್. ನಾನು ಹತ್ತನ್ನೂ ಕಣ್ಣುಮುಚ್ಚಿ ಹಾಕುವವನಲ್ಲ. ಅಳತೆ ನಡೆದದ್ದು ಕೃತಕ ಕಿವಿಯ ಮೇಲೆ. ಎತ್ತರದ ಶಬ್ದಗಳಲ್ಲಿ ಒಬ್ಬೊಬ್ಬರ ಕಿವಿಯ ಕೊಳವೆ ಒಂದೊಂದು ಥರ ಅನುರಣಿಸುತ್ತದೆ. ಯಾವ ಆವರ್ತನ ಎಷ್ಟು ಜೋರು ಅಂತ ತೋರಿಸುವ ಅಳತೆಯ ಗ್ರಾಫಿನಲ್ಲಿ 9 ಕಿಲೋಹರ್ಟ್ಸ್‌ನಲ್ಲಿ ಕಾಣುವ ಗುಡ್ಡ ಇವನ ಕಿವಿಯಲ್ಲಿ ಅಲ್ಲೇ ಇರಬೇಕು ಅಂತೇನಿಲ್ಲ.

ಇನ್ನೊಂದು ಮಾತು. ಗ್ರಾಫಿನ ಗೆರೆ ನೇರ ಇದ್ದರೆ ಒಳ್ಳೆಯದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಡ್‌ಫೋನ್ ವಿಷಯದಲ್ಲಿ ಅದು ಸುಳ್ಳು. ಎದುರಿನ ಸ್ಪೀಕರ್‌ನಿಂದ ಬರುವ ಶಬ್ದವನ್ನು ನಮ್ಮ ಕಿವಿಯೇ 3 ಕಿಲೋಹರ್ಟ್ಸ್ ಸುತ್ತ ಏರಿಸಿ ಒಳಗೆ ಕಳಿಸುತ್ತದೆ. ಹೆಡ್‌ಫೋನ್ ಕಿವಿಗೆ ಅಂಟಿಕೊಂಡೇ ಇರುವುದರಿಂದ ಆ ಏರಿಕೆಯನ್ನು ಅದೇ ಕೊಡಬೇಕು. ಹರ್ಮನ್ ಕಂಪನಿಯ ಸಂಶೋಧಕರು ಕೇಳುಗರನ್ನು ಕೂರಿಸಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಗೆರೆಯಲ್ಲಿ 3 ಕಿಲೋಹರ್ಟ್ಸ್ ಹತ್ತಿರ ದೊಡ್ಡ ಗುಡ್ಡ ಇದೆ, ಆಳದಲ್ಲಿ ಬಾಸ್ ಸ್ವಲ್ಪ ಮೇಲಿದೆ. ಆಟೋಇಕ್ಯೂ ಹೋಲಿಸುವುದು ಹೆಚ್ಚಾಗಿ ಅಂಥ ಗೆರೆಗೇ.

ಹತ್ತರಲ್ಲಿ ಮೂರು ಆರಿಸಿದೆ. 150 ಹರ್ಟ್ಸ್‌ನಲ್ಲಿ ಮೈನಸ್ 4, ಅಗಲವಾಗಿ, ಕ್ಯೂ 0.8. ಕಂಬಳಿಯ ಉಳಿದ ಅಂಚು ಅಲ್ಲಿತ್ತು. 2,800ರಲ್ಲಿ ಪ್ಲಸ್ 3, ದನಿಗೆ. ಮೂರನೆಯದು 9 ಕಿಲೋಹರ್ಟ್ಸ್ ಹತ್ತಿರ ಮೈನಸ್ 5, ಸಣ್ಣ ಕತ್ತಿ, ಕ್ಯೂ 3. ಇದನ್ನು ಅವನ ಕಿವಿಗೆ ಹೊಂದಿಸಬೇಕಿತ್ತು.

ಆ ಸಂಜೆ ಇಬ್ಬರೂ ಕೂತೆವು. ನಾನು ಫಿಲ್ಟರಿನ ಸಂಖ್ಯೆ ಬದಲಿಸುವುದು, ಅವನು ಹೇಳುವುದು. "ಈಗ ಕಮ್ಮಿ ಆಯ್ತು." ಅರ್ಧ ಡೆಸಿಬೆಲ್ ಏರಿಸಿದೆ. "ಹಾಂ, ಇದು ಸರಿ. ಇಲ್ಲ, ಸ್ವಲ್ಪ ಜಾಸ್ತಿ ಆಯ್ತೇನೋ." ನಾನೂ ಹಾಕಿಕೊಂಡು ಕೇಳಿದೆ. ನನಗೂ ವ್ಯತ್ಯಾಸ ಚೆನ್ನಾಗಿಯೇ ಕೇಳಿಸಿತು. ಕಾಲು ಡೆಸಿಬೆಲ್‌ಗೂ ಚರ್ಚೆ ನಡೆಯಿತು. ಹೀಗೆ ಅರ್ಧ ಗಂಟೆ. ಆಮೇಲೆ ಪ್ರೀಆಂಪ್‌ನಲ್ಲಿ, ಅಂದರೆ ಇಡೀ ಶಬ್ದದ ಮಟ್ಟವನ್ನು ಒಟ್ಟಿಗೆ ಇಳಿಸುವ ಸಾಲಿನಲ್ಲಿ, ಮೈನಸ್ 3 ಬರೆಯಲು ಹೋಗಿ ಕೈತಪ್ಪಿ ಮೈನಸ್ 30 ಬರೆದೆ. ಶಬ್ದ ಹೆಚ್ಚುಕಡಿಮೆ ಮಾಯವಾಗಬೇಕಿತ್ತು. ಹಾಡು ಮಾತ್ರ ಹಾಗೇ ನಡೆಯುತ್ತಿತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಎಕ್ಸ್‌ಕ್ಲೂಸಿವ್ ಮೋಡ್! ಪ್ಲೇಯರ್ ವಿಂಡೋಸ್‌ನ ದಾರಿಯನ್ನೇ ಬಿಟ್ಟು ಹೋಗುತ್ತಿದೆ. ದಾರಿಯಲ್ಲಿ ಕೂತ ಎಪಿಒಗೆ ಹಾಡು ಸಿಕ್ಕೇ ಇಲ್ಲ. ಅರ್ಧ ಗಂಟೆ ನಾವು ಕೇಳಿದ ಕಾಲು ಡೆಸಿಬೆಲ್ಲು, ಅರ್ಧ ಡೆಸಿಬೆಲ್ಲು ಎಲ್ಲ ಬರೀ ನಮ್ಮ ತಲೆಯೊಳಗಿನದು. ಆಡಿಯೊ ಬಗ್ಗೆ ಯಾರಾದರೂ ಹಗಲು ರಾತ್ರಿಯಷ್ಟು ವ್ಯತ್ಯಾಸ ಅಂದಾಗ ಈಗ ನನಗೆ ಆ ಸಂಜೆ ನೆನಪಾಗುತ್ತದೆ.

ಮೋಡ್ ಬದಲಿಸಿ ಮಾಮೂಲಿ ಶೇರ್ಡ್ ಔಟ್‌ಪುಟ್‌ಗೆ ಬಂದೆವು. ಆಗಲೂ ಎಪಿಒ ಕೆಲಸ ಮಾಡಲಿಲ್ಲ. ಬಾಸ್ ಬೂಸ್ಟ್ ತೆಗೆಯುವಾಗ ಎಲ್ಲ ಸೌಂಡ್ ಎಫೆಕ್ಟುಗಳನ್ನೂ ಬಂದ್ ಮಾಡುವ ಟಿಕ್ ಹಾಕಿದ್ದೆ. ಎಪಿಒ ಕೂಡ ವಿಂಡೋಸ್ ಲೆಕ್ಕದಲ್ಲಿ ಒಂದು ಎಫೆಕ್ಟೇ, ಅದೂ ಬಂದ್ ಆಗಿತ್ತು. ಆ ಟಿಕ್ ತೆಗೆದು, ಬಾಸ್ ಬೂಸ್ಟ್ ಒಂದನ್ನೇ ಬೇರೆಯಾಗಿ ಆಫ್ ಮಾಡಿದ ಮೇಲೆ ಮೈನಸ್ 30ಕ್ಕೆ ಹಾಡು ಮಾಯವಾಯಿತು. ಶಬ್ದ ನಿಂತದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು.

ಎಕ್ಸ್‌ಕ್ಲೂಸಿವ್ ಬಿಟ್ಟರೆ ಬಿಟ್ ಪರ್ಫೆಕ್ಟ್, ಅಂದರೆ ಫೈಲಿನ ಒಂದು ಬಿಟ್ಟೂ ಬದಲಾಗದೆ ತಲುಪುವುದು, ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹೋಗಲಿ ಬಿಡಿ. ಇಕ್ಯೂ ಹಾಕಿದ ಮೇಲೆ ಬಿಟ್ ಬದಲಾಗಲೇಬೇಕು, ಬದಲಾಗಲಿ ಅಂತಲೇ ತಾನೇ ಹಾಕುವುದು.

ಈ ಸಲ ಊಹೆಗೆ ಬಿಡಲಿಲ್ಲ. ವಾಲ್ಯೂಮ್ ಚೆನ್ನಾಗಿ ಇಳಿಸಿ, ಫೂಬಾರ್‌ನಲ್ಲೇ ಶುದ್ಧ ಟೋನ್ ಹುಟ್ಟಿಸಿ, 5 ಕಿಲೋಹರ್ಟ್ಸ್‌ನಿಂದ 10ರವರೆಗೆ ನಿಧಾನವಾಗಿ ಏರಿಸಿದೆ. ಒಂದು ಜಾಗದಲ್ಲಿ ಅವನು ಕಣ್ಣು ಕಿರಿದು ಮಾಡಿದ. 8,200. ಮೂರು ಸಲ ಬೇರೆ ಬೇರೆ ಕಡೆಯಿಂದ ಬಂದರೂ 8,200ರ ಆಸುಪಾಸಿನಲ್ಲೇ ಕಣ್ಣು ಕಿರಿದಾಗುತ್ತಿತ್ತು. ನನ್ನ ಕಿವಿಗೆ ಅದೇ ಹೆಡ್‌ಫೋನಿನಲ್ಲಿ ಆ ಗುಡ್ಡ 8,800ರ ಹತ್ತಿರ ಇತ್ತು. ಫಿಲ್ಟರನ್ನು ಅವನ ಸಂಖ್ಯೆಗೆ ತಂದು ನಿಲ್ಲಿಸಿದೆ.

ಪ್ರೀಆಂಪ್ ಮೈನಸ್ 3.5. ನಿಯಮ ಇಷ್ಟೇ: ಯಾವ ಫಿಲ್ಟರ್ ಅತಿ ಹೆಚ್ಚು ಏರಿಸುತ್ತದೋ ಅಷ್ಟು, ಅದಕ್ಕಿಂತ ಒಂಚೂರು ಜಾಸ್ತಿ, ಮೊದಲೇ ಇಳಿಸಬೇಕು. ಈಕ್ವಲೈಜರ್‌ನಲ್ಲಿ ಎಲ್ಲರೂ ಹತ್ತು ಹದಿನೆಂಟು ಸ್ಲೈಡರ್ ಆಡಿಸುತ್ತಾರೆ, ಪಕ್ಕದ ಈ ಒಂದನ್ನು ಸುಮ್ನೆ ಬಿಟ್ಟಿರುತ್ತಾರೆ.

ಕಣ್ಣು ಕಟ್ಟಿ ಕೇಳಿದ್ದು

ಆ ಸಂಜೆಯ ನಂತರ ಇಬ್ಬರಿಗೂ ನಮ್ಮ ಕಿವಿಯ ಮೇಲೆ ನಂಬಿಕೆ ಹೋಗಿತ್ತು. ಫೂಬಾರ್‌ಗೆ ಎಬಿಎಕ್ಸ್ ಅನ್ನೋ ಕಾಂಪೊನೆಂಟ್ ಸಿಗುತ್ತದೆ. ಎರಡು ಫೈಲ್ ಕೊಟ್ಟರೆ ಯಾವುದು ಯಾವುದು ಅಂತ ಹೇಳದೆ ಕೇಳಿಸುತ್ತದೆ, ನಾವು ಗುರುತಿಸಬೇಕು. 16 ಸಲದಲ್ಲಿ 12 ಸರಿ ಬಂದರೆ ನಂಬಬಹುದು. ಸುಮ್ನೆ ಊಹಿಸಿದವನಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಮಟ್ಟ ಮಾತ್ರ ಮೊದಲು ಸಮ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಜೋರಾಗಿರುವುದನ್ನು ಗುರುತಿಸಿ ಬೀಗುತ್ತೇವೆ, ಅಷ್ಟೇ.

ಇದೇ ಮೂರು ಫಿಲ್ಟರನ್ನು ಪ್ಲೇಯರಿನೊಳಗೆ ಹಾಕಿ ಫೈಲ್ ಮಾಡಿಕೊಂಡು, ಮಟ್ಟ ಸಮ ಮಾಡಿ, ಎಪಿಒ ಆಫ್ ಮಾಡಿ ಕೇಳಿದ. ಫಿಲ್ಟರ್ ಇರುವುದು ಮತ್ತು ಇಲ್ಲದ್ದು: 16ಕ್ಕೆ 16. ಫ್ಲ್ಯಾಕ್ ಮತ್ತು ಅದರಿಂದಲೇ ಮಾಡಿದ 320ರ ಎಂಪಿ3: 16ಕ್ಕೆ 7. ಸೆಕೆಂಡಿಗೆ ಎಷ್ಟು ಸಾವಿರ ಸ್ಯಾಂಪಲ್ ಅನ್ನೋ ದರದಲ್ಲಿ, ಮೂಲ 44.1 ಕಿಲೋಹರ್ಟ್ಸ್ ಮತ್ತು 192ಕ್ಕೆ ಏರಿಸಿದ್ದು: 16ಕ್ಕೆ 9. ಅವನ ವಿಂಡೋಸ್‌ನಲ್ಲಿ ಡೀಫಾಲ್ಟ್ ಫಾರ್ಮ್ಯಾಟ್ 192 ಇತ್ತು, ಜಾಸ್ತಿ ಇದ್ದರೆ ಒಳ್ಳೆಯದು ಅಂತ ಅವನೇ ಇಟ್ಟಿದ್ದ. ಏನೂ ಮಾತಾಡದೆ 44.1ಕ್ಕೆ ಇಳಿಸಿದ. ಅವನ ಹಾಡುಗಳಲ್ಲಿ ಬಹುಪಾಲು ಅದೇ ದರದವು.

ಕ್ರಾಸ್‌ಫೀಡ್ ಬಗ್ಗೆ ಎರಡು ಮಾತು. ಡ್ರಮ್ ಎಲ್ಲ ಒಂದು ಕಿವಿಯಲ್ಲಿ, ದನಿ ಇನ್ನೊಂದರಲ್ಲಿ ಇಟ್ಟ ಹಳೆಯ ಸ್ಟೀರಿಯೊ ರೆಕಾರ್ಡಿಂಗ್‌ಗಳನ್ನು ಹೆಡ್‌ಫೋನಿನಲ್ಲಿ ಕೇಳಿದರೆ ತಲೆ ಹಿಂಸೆ. ಬೆಂಜಮಿನ್ ಬಾವರ್ 1961ರಲ್ಲಿ ಬರೆದ ಉಪಾಯದ ಮೇಲೆ ಮಾಡಿದ ಒಂದು ಪ್ಲಗಿನ್ ಇದೆ. ಎಡದ ಶಬ್ದವನ್ನು ಸ್ವಲ್ಪ ಬಲಕ್ಕೂ, ಬಲದ್ದನ್ನು ಎಡಕ್ಕೂ ಬೆರೆಸುತ್ತದೆ. 700 ಹರ್ಟ್ಸ್, 4.5 ಡೆಸಿಬೆಲ್ ಅನ್ನೋ ಅದರ ಮೂಲ ಸೆಟ್ಟಿಂಗೇ ಸಾಕಾಯಿತು. ಆ ಹಳೆಯ ಆಲ್ಬಮ್‌ಗಳಿಗೆ ಮಾತ್ರ ಇಟ್ಟುಕೊಂಡ, ಹೊಸ ಹಾಡಿಗೆ ಹಾಕಿದರೆ ಎಲ್ಲ ನಡುವಿಗೆ ಬಂದು ಮುದುಡಿದ ಹಾಗಿತ್ತು.

ಬಾಸ್ ತಾನಾಗೇ ಬಂದ ರಾತ್ರಿ

ಪ್ರಕರಣ ಮುಗಿಯಿತು ಅಂದುಕೊಂಡಿದ್ದೆ. ಮೂರನೇ ವಾರ, ರಾತ್ರಿ ಹನ್ನೊಂದಕ್ಕೆ ಫೋನ್. "ಇವತ್ತು ಬಾಸ್ ತಾನಾಗೇ ಬಂದಿದೆ. ನಾನು ಏನೂ ಮುಟ್ಟಿಲ್ಲ, ದೇವರಾಣೆ."

ಎಲ್ಲಿ ಕೂತಿದೀಯ ಅಂದೆ. ದೀಪ ಆರಿಸಿ ಮಲಗಿಕೊಂಡು ಕೇಳುತ್ತಿದ್ದ. ಮಲಗಿದ್ದಕ್ಕೇನು ವ್ಯತ್ಯಾಸ ಅಂತ ಯೋಚಿಸುತ್ತಿದ್ದವನಿಗೆ ತಟ್ಟನೆ ಹೊಳೆಯಿತು. ಮಲಗುವಾಗ ಕನ್ನಡಕ ತೆಗೆದಿಡುತ್ತಾನೆ.

ಮರುದಿನ ಪರೀಕ್ಷೆ ಮಾಡಿದೆವು. ಕನ್ನಡಕ ಹಾಕಿಕೊಂಡು, ಹೆಡ್‌ಫೋನ್ ಹಾಕಿಕೊಂಡು, 40 ಹರ್ಟ್ಸ್ ಟೋನ್. ಎಲ್ಲೋ ದೂರದಲ್ಲಿ ಗುಂಯ್ ಅನ್ನುತ್ತಿದೆ ಅಂದ. ಅವನ ಕನ್ನಡಕದ ಕಡ್ಡಿ ದಪ್ಪ ಪ್ಲಾಸ್ಟಿಕ್ಕಿನದು. ಅದು ಕುಷನ್ ಅಡಿಯಲ್ಲಿ ಹಾದುಹೋಗುವ ಕಡೆ ಪೆನ್ಸಿಲ್ ತೂರಿಸುವಷ್ಟು ಸಂದು. ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ, ಕುಷನ್ ಕೆನ್ನೆಗೆ ಕೂರುವ ಹಾಗೆ ಮಾಡಿದೆ. ಟೋನ್ ಒಮ್ಮೆಲೇ ತುಂಬಿಕೊಂಡಿತು. ಬಿಟ್ಟೆ, ಹೋಯಿತು. ಎತ್ತಿದೆ, ಬಂತು. ಟೋನ್ ಹಾಗೇ ಇದೆ, ಸಾಫ್ಟ್‌ವೇರ್ ಹಾಗೇ ಇದೆ. ಕ್ಲೋಸ್ಡ್ ಹೆಡ್‌ಫೋನ್ ಆಳದ ಶಬ್ದ ಕೊಡುವುದು ಕುಷನ್ ಒಳಗೆ ಹಿಡಿದಿಟ್ಟ ಗಾಳಿಯನ್ನು ಒತ್ತಿ. ಸಂದು ಇದ್ದರೆ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ, ಆಳದ ಶಬ್ದ ಇದ್ದಷ್ಟೂ ಸೋರಿಕೆ ಜಾಸ್ತಿ. ಮೊದಲ ದಿನ ಅವನು 55 ಹರ್ಟ್ಸ್ ಸ್ಲೈಡರನ್ನು 8ಕ್ಕೆ ಎಳೆದದ್ದು ಈ ಸೋರಿಕೆಗೆ. ಅದರಿಂದ ಶಬ್ದ ಹರಿಯಿತು, ಹರಿದದ್ದಕ್ಕೆ ಲಿಮಿಟರ್ ಬಂತು, ಲಿಮಿಟರಿನಿಂದ ದನಿ ಒಳಗೆ ಹೋಯಿತು. ಎರಡು ವಾರದಿಂದ ಬಾಸ್ ಸಾಲದು ಅಂತ ಅವನು ಹೇಳುತ್ತಲೇ ಇದ್ದ. ನಾನೇ ಕೇಳಿಸಿಕೊಂಡಿರಲಿಲ್ಲ.

ಕನ್ನಡಕ ಇಲ್ಲದೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಲಾಗುವುದಿಲ್ಲ. ತೆಳುವಾದ ಲೋಹದ ಕಡ್ಡಿಯ ಹಳೇ ಕನ್ನಡಕ ಹುಡುಕಿ ತಂದ. ಸೋರಿಕೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಾಗಾಗಿ ಎಪಿಒದಲ್ಲಿ ಎರಡು ಪ್ರಿಸೆಟ್ ಮಾಡಿದೆವು. 'ಬರಿಗಣ್ಣು' ಅಂದರೆ ಮೊದಲಿನ ಮೂರು ಫಿಲ್ಟರ್, ಪ್ರೀಆಂಪ್ ಮೈನಸ್ 3.5. 'ಕನ್ನಡಕ' ಅಂದರೆ ಅದೇ ಮೂರು, ಜೊತೆಗೆ 90 ಹರ್ಟ್ಸ್ ಕೆಳಗಿನದ್ದನ್ನೆಲ್ಲ ಒಟ್ಟಿಗೆ ಏರಿಸುವ ಪ್ಲಸ್ 5ರ ಲೋ ಷೆಲ್ಫ್ ಫಿಲ್ಟರ್, ಪ್ರೀಆಂಪ್ ಮೈನಸ್ 5.5.

ಎರಡನ್ನೂ ಬದಲಿಸಿ ಬದಲಿಸಿ ಕೇಳಿದ. ಎರಡನೆಯದರಲ್ಲಿ ದನಿ ಸ್ವಲ್ಪ ಸಪ್ಪೆ ಅಂತ ಹೇಳಲು ಬಾಯಿ ತೆರೆದ. ಹೇಳದೆ ಫೈಲ್ ತೆರೆದು, ಮೊದಲನೆಯದರ ಪ್ರೀಆಂಪನ್ನೂ ಮೈನಸ್ 5.5 ಮಾಡಿದ. ಮತ್ತೆ ಬದಲಿಸಿ ಕೇಳಿದ. "ಈಗ ಎರಡರಲ್ಲೂ ದನಿ ಒಂದೇ ಥರ ಇದೆ" ಅಂದ, ಹೆಡ್‌ಫೋನ್ ತೆಗೆಯದೆ.